ಇಂಡಿಗೋಗೆ ದಂಡ ಬಿತ್ತು, ಪೆಟ್ಟು ಬೀಳಲಿಲ್ಲ. ಯಾಕೆ?

2026ರ ಜನವರಿ 17ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಇಂಡಿಗೋ ಕಂಪನಿಗೆ 22.20 ಕೋಟಿ ರೂಪಾಯಿ ದಂಡ ಹಾಕಿತು. 2025ರ ಡಿಸೆಂಬರ್ 3ರಿಂದ 5ರವರೆಗೆ, ಮೂರೇ ದಿನಗಳಲ್ಲಿ, ಇಂಡಿಗೋದ 2,507 ವಿಮಾನಗಳು ರದ್ದಾಗಿದ್ದವು. 1,852 ತಡವಾಗಿದ್ದವು. ತೊಂದರೆಗೆ ಸಿಕ್ಕವರು ಮೂರು ಲಕ್ಷಕ್ಕೂ ಜಾಸ್ತಿ ಜನ. ದಂಡದ ಮೊತ್ತವನ್ನು ಅಷ್ಟು ಜನಕ್ಕೆ ಹಂಚಿದರೆ ತಲೆಗೆ 740 ರೂಪಾಯಿಯೂ ಬರುವುದಿಲ್ಲ.

ಕೆಲವೇ ದಿನಗಳ ನಂತರ ಕಂಪನಿ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದ ಲೆಕ್ಕ ಕೊಟ್ಟಿತು. ಲಾಭ ಹಿಂದಿನ ವರ್ಷದ ಇದೇ ಅವಧಿಗಿಂತ ಮುಕ್ಕಾಲು ಪಾಲು ಕುಸಿದಿತ್ತು, ನಿಜ. ಆದರೂ ಕೈಯಲ್ಲಿ ಸುಮಾರು 549 ಕೋಟಿ ರೂಪಾಯಿ ಲಾಭ ಉಳಿದಿತ್ತು.

ಹಾಗಾಗಿ ಜನರಿಗೆ ಗೊಂದಲವಾಗಿರುವುದು ಸಹಜ. ದೇಶದಲ್ಲೇ ಅಚ್ಚುಕಟ್ಟಾಗಿ ನಡೆಯುತ್ತದೆ ಎಂದು ಹೆಸರಾದ ವಿಮಾನ ಕಂಪನಿ ಒಂದು ವಾರದಲ್ಲಿ ಹೀಗೆ ಕುಸಿದು ಬಿದ್ದದ್ದು ಹೇಗೆ? ಕುಸಿದ ಮೇಲೂ ಎದುರಾಳಿಗಳು ಯಾಕೆ ಮೇಲೇಳಲಿಲ್ಲ? ಎರಡಕ್ಕೂ ಉತ್ತರ ಸಿಗಬೇಕಾದರೆ ಇಂಡಿಗೋ ವ್ಯಾಪಾರ ಮಾಡುವ ರೀತಿಯನ್ನೇ ಬಿಚ್ಚಿ ನೋಡಬೇಕು.

ಅಗ್ಗದ ಟಿಕೆಟ್ ಎಲ್ಲರೂ ಕೊಟ್ಟರು, ಉಳಿದವರು ಒಬ್ಬರೇ

ಭಾರತದಲ್ಲಿ ಅಗ್ಗದ ವಿಮಾನಯಾನ ಶುರುವಾದದ್ದು ನಮ್ಮ ಬೆಂಗಳೂರಿನಿಂದಲೇ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಮೊದಲ ಹಾರಾಟ ನಡೆಸಿತು. ಒಂದು ರೂಪಾಯಿ ಟಿಕೆಟ್ ಕೊಟ್ಟು ಹೆಸರು ಮಾಡಿತು. ವಿಮಾನ ಹತ್ತುವುದು ಸಾಮಾನ್ಯ ಜನರಿಂದಲೂ ಆಗುತ್ತದೆ ಎಂದು ತೋರಿಸಿದ್ದು ಅದೇ. ಆದರೆ ದುಡ್ಡು ಉಳಿಯಲಿಲ್ಲ. ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಅದನ್ನು ಕೊಂಡುಕೊಂಡಿತು. ಒಂದು ಕಡೆ ಐಷಾರಾಮಿ ಸೇವೆ, ಇನ್ನೊಂದು ಕಡೆ ಅಗ್ಗದ ಸೇವೆ, ಎರಡನ್ನೂ ಒಂದೇ ಚಪ್ಪರದ ಕೆಳಗೆ ನಡೆಸಲು ಹೋಗಿ ಅದೂ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನೆಲಕ್ಕಿಳಿಯಿತು. ಗೋ ಫಸ್ಟ್ 2023ರ ಮೇನಲ್ಲಿ ದಿವಾಳಿ ಅರ್ಜಿ ಹಾಕಿತು.

2006ರ ಆಗಸ್ಟ್‌ನಲ್ಲಿ ಹಾರಾಟ ಶುರು ಮಾಡಿದ ಇಂಡಿಗೋ ಮಾತ್ರ ಲಾಭದಲ್ಲಿ ಬೆಳೆಯಿತು. ಟಿಕೆಟ್ ದರದಲ್ಲಿ ಅದು ಬೇರೆಯವರಿಗಿಂತ ಭಾರೀ ಕಡಿಮೆಯೇನೂ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಖರ್ಚಿನಲ್ಲಿ.

ಒಂದೂ ವಿಮಾನ ಹಾರಿಸುವ ಮೊದಲೇ, 2005ರಲ್ಲಿ, ಇಂಡಿಗೋ ಸ್ಥಾಪಕರಾದ ರಾಹುಲ್ ಭಾಟಿಯಾ ಮತ್ತು ರಾಕೇಶ್ ಗಂಗ್ವಾಲ್ ಏರ್‌ಬಸ್ ಕಂಪನಿಗೆ ಒಟ್ಟಿಗೆ 100 ಎ320 ವಿಮಾನಗಳ ಆರ್ಡರ್ ಕೊಟ್ಟರು. ಆಗ ಅದು ಹುಚ್ಚು ಸಾಹಸದಂತೆ ಕಂಡಿತ್ತು. ಆದರೆ ಸಗಟಿನಲ್ಲಿ ಕೊಂಡವರಿಗೆ ಬೆಲೆಯಲ್ಲಿ ದೊಡ್ಡ ರಿಯಾಯಿತಿ ಸಿಗುತ್ತದೆ. ವಿಮಾನ ಕೈಗೆ ಬಂದ ದಿನವೇ ಅದನ್ನು ಲೀಸ್ ಕಂಪನಿಯೊಂದಕ್ಕೆ ಮಾರುಕಟ್ಟೆ ಬೆಲೆಗೆ ಮಾರುವುದು, ಅದೇ ವಿಮಾನವನ್ನು ಅವರಿಂದ ಬಾಡಿಗೆಗೆ ಪಡೆಯುವುದು. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರ ಕೈಗೆ ನಗದಾಗಿ ಬರುತ್ತದೆ. ಕೆಲವು ವರ್ಷ ಹಾರಿಸಿ, ದೊಡ್ಡ ರಿಪೇರಿಯ ಖರ್ಚು ಬರುವ ಹೊತ್ತಿಗೆ ವಿಮಾನ ವಾಪಸ್ ಕೊಟ್ಟು ಹೊಸದು ತರುವುದು. ವಿಮಾನ ಸದಾ ಹೊಸದಾಗಿರುತ್ತದೆ. ಹೊಸ ವಿಮಾನ ಇಂಧನ ಕಡಿಮೆ ಕುಡಿಯುತ್ತದೆ, ಕೆಟ್ಟು ನಿಲ್ಲುವುದೂ ಕಡಿಮೆ.

ಬಹುಕಾಲ ಒಂದೇ ಮಾದರಿಯ ವಿಮಾನ ಇಟ್ಟುಕೊಂಡದ್ದು ಇನ್ನೊಂದು ಲಾಭ. ಎಲ್ಲ ಪೈಲಟ್‌ಗಳಿಗೂ ಒಂದೇ ತರಬೇತಿ. ಎಲ್ಲ ಊರಿನಲ್ಲೂ ಅದೇ ಬಿಡಿಭಾಗ. ಯಾವ ಪೈಲಟ್ ಯಾವ ವಿಮಾನವನ್ನಾದರೂ ಹಾರಿಸಬಹುದು. ಸಣ್ಣ ಊರುಗಳಿಗಾಗಿ ಎಟಿಆರ್ ಎಂಬ ಸಣ್ಣ ವಿಮಾನಗಳನ್ನು ತಂದದ್ದು 2017ರಲ್ಲಿ, ಬುಡ ಗಟ್ಟಿಯಾದ ಮೇಲೆ. ಡೆಕ್ಕನ್ ಆರಂಭದ ವರ್ಷಗಳಲ್ಲೇ ಎಟಿಆರ್ ಮತ್ತು ಏರ್‌ಬಸ್ ಎರಡನ್ನೂ ಹಾರಿಸುತ್ತಿತ್ತು.

ಇವುಗಳಲ್ಲಿ ಗುಟ್ಟು ಎನ್ನುವಂಥದ್ದು ಒಂದೂ ಇಲ್ಲ. ಅಮೆರಿಕದ ಸೌತ್‌ವೆಸ್ಟ್ ಕಂಪನಿ ದಶಕಗಳ ಹಿಂದೆಯೇ ಒಂದೇ ಮಾದರಿಯ ವಿಮಾನ ಇಟ್ಟುಕೊಂಡು ಗೆದ್ದಿತ್ತು. ಯಾರು ಬೇಕಾದರೂ ಒಂದೊಂದನ್ನು ನಕಲು ಮಾಡಬಹುದು. ಎಲ್ಲವನ್ನೂ ಒಟ್ಟಿಗೆ, ವರ್ಷಗಟ್ಟಲೆ, ಎಲ್ಲೂ ಸಡಿಲ ಬಿಡದೆ ಮಾಡುವುದು ಕಷ್ಟ. ಇಂಡಿಗೋದ ಮೇಲುಗೈ ಇದ್ದದ್ದು ಅಲ್ಲಿ.

ನಿಂತ ವಿಮಾನ ದುಡಿಯುವುದಿಲ್ಲ

ಬಾಡಿಗೆಗೆ ತಂದ ವಿಮಾನಕ್ಕೆ ಅದು ಹಾರಲಿ ಬಿಡಲಿ ಬಾಡಿಗೆ ಕಟ್ಟಲೇಬೇಕು. ಆದ್ದರಿಂದ ದಿನಕ್ಕೆ ಎಷ್ಟು ಗಂಟೆ ಹಾರಿಸುತ್ತೀರಿ ಎನ್ನುವುದರ ಮೇಲೆ ಲಾಭ ನಿಂತಿದೆ. ಬಂದಿಳಿದ ವಿಮಾನವನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಹಾರಿಸುವುದು ಇಂಡಿಗೋದ ಅಭ್ಯಾಸ. ಮೆಟ್ಟಿಲಿನ ಬದಲು ಇಳಿಜಾರಿನ ರ‍್ಯಾಂಪ್, 2022ರಿಂದ ಬೆಂಗಳೂರೂ ಸೇರಿದಂತೆ ಕೆಲವು ಕಡೆ ಮೂರು ಬಾಗಿಲುಗಳಿಂದ ಇಳಿಸುವುದು, ಇವೆಲ್ಲ ಕೆಲವೇ ನಿಮಿಷ ಉಳಿಸಲು. ದಿನಕ್ಕೆ ಆರೇಳು ಸಲ ಆ ನಿಮಿಷ ಉಳಿದರೆ ಇನ್ನೊಂದು ಹಾರಾಟಕ್ಕೆ ಜಾಗ ಸಿಗುತ್ತದೆ.

ಅದೇ ಲೆಕ್ಕ ರಾತ್ರಿಗೂ. ಹನ್ನೊಂದು ಗಂಟೆಗೆ ಇಳಿದ ವಿಮಾನ ಬೆಳಗಿನವರೆಗೆ ಸುಮ್ನೆ ನಿಲ್ಲುವ ಬದಲು ಇನ್ನೊಂದು ಸುತ್ತು ಹೋಗಿ ಬಂದರೆ ಆ ದುಡ್ಡಿನಲ್ಲಿ ಹೆಚ್ಚಿನ ಪಾಲು ಲಾಭವೇ. ಇಂಡಿಗೋ ತಡರಾತ್ರಿ, ನಸುಕಿನ ಹಾರಾಟಗಳನ್ನು ಬೇರೆಲ್ಲರಿಗಿಂತ ಜಾಸ್ತಿ ಇಟ್ಟುಕೊಂಡದ್ದು ಇದಕ್ಕೇ.

ವಿಮಾನಕ್ಕೆ ನಿದ್ದೆ ಬೇಡ. ಹಾರಿಸುವವರಿಗೆ ಬೇಕಲ್ವಾ? ಹೊಸ ನಿಯಮ ಬಂದದ್ದು ಅಲ್ಲಿಗೆ.

ನಿಯಮ ಬಂದದ್ದು ದಿಢೀರ್ ಅಲ್ಲ

ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮಗಳನ್ನು ಡಿಜಿಸಿಎ ಪ್ರಕಟಿಸಿದ್ದು 2024ರ ಜನವರಿಯಲ್ಲಿ. ವಾರದ ಕಡ್ಡಾಯ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಎಂದರೆ 12ರಿಂದ 5 ಎಂದಿದ್ದದ್ದು 12ರಿಂದ 6 ಆಯಿತು. ಆ ಅವಧಿಯನ್ನು ಕೆಲಸ ಸ್ವಲ್ಪ ತಾಗಿದರೂ ಅದು ರಾತ್ರಿ ಪಾಳಿ. ರಾತ್ರಿ ಪಾಳಿಯಲ್ಲಿ ವಿಮಾನ ಇಳಿಸುವ ಮಿತಿ 6ರಿಂದ 2ಕ್ಕೆ ಇಳಿಯಿತು.

2024ರ ಜೂನ್‌ನಲ್ಲೇ ಜಾರಿಯಾಗಬೇಕಿತ್ತು. ವಿಮಾನ ಕಂಪನಿಗಳು ಆಗುವುದಿಲ್ಲ ಎಂದವು, ಮುಂದೆ ಹೋಯಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಎರಡು ಹಂತದಲ್ಲಿ ಜಾರಿ ಎಂದು ತೀರ್ಮಾನವಾಯಿತು. ಮೊದಲ ಹಂತ 2025ರ ಜುಲೈ 1ಕ್ಕೆ, ರಾತ್ರಿ ಪಾಳಿಯ ಕಟ್ಟುಪಾಡುಗಳಿರುವ ಎರಡನೇ ಹಂತ ನವೆಂಬರ್ 1ಕ್ಕೆ. ಅಂದರೆ ಕಂಪನಿಗಳಿಗೆ ತಯಾರಿಗೆ ಒಂದೂಮುಕ್ಕಾಲು ವರ್ಷ ಸಿಕ್ಕಿತ್ತು.

ಅದೇ ಹೊತ್ತಿಗೆ ಇಂಡಿಗೋ ಹಾರಾಟ ಹೆಚ್ಚಿಸಿಕೊಂಡಿತು. ಹಿಂದಿನ ಚಳಿಗಾಲಕ್ಕೆ ಹೋಲಿಸಿದರೆ 2025–26ರ ಚಳಿಗಾಲದ ವೇಳಾಪಟ್ಟಿಯಲ್ಲಿ ಅದಕ್ಕೆ 9.66% ಜಾಸ್ತಿ ಹಾರಾಟಕ್ಕೆ ಅನುಮತಿ ಸಿಕ್ಕಿತ್ತು. 403 ವಿಮಾನಗಳ ಲೆಕ್ಕದಲ್ಲಿ ಸಿಕ್ಕ ಅನುಮತಿ ಅದು. ನಿಜಕ್ಕೂ ಹಾರಿಸಲಾದದ್ದು ಅಕ್ಟೋಬರ್‌ನಲ್ಲಿ 339, ನವೆಂಬರ್‌ನಲ್ಲಿ 344. ಈ ಅಂಕಿಗಳನ್ನು ಹೇಳಿದ್ದು ಡಿಜಿಸಿಎ. ಅನುಮತಿ ಕೊಟ್ಟದ್ದೂ ಅದೇ ಡಿಜಿಸಿಎ ಎನ್ನುವುದನ್ನು ಮರೆಯಬಾರದು.

ಕೊರತೆ ಇದ್ದದ್ದು 65 ಕ್ಯಾಪ್ಟನ್‌ಗಳದ್ದು

ಇಡೀ ಪ್ರಕರಣದಲ್ಲಿ ಕಣ್ಣು ಅರಳಿಸುವ ಸಂಖ್ಯೆ ಇದು. ಕುಸಿತದ ದಿನಗಳಲ್ಲಿ ಹೊರಬಂದ ಲೆಕ್ಕದ ಪ್ರಕಾರ ಹೊಸ ನಿಯಮಕ್ಕೆ ಇಂಡಿಗೋಗೆ ಬೇಕಿದ್ದ ಕ್ಯಾಪ್ಟನ್‌ಗಳು 2,422. ಇದ್ದವರು 2,357. ಸಹ ಪೈಲಟ್‌ಗಳಂತೂ ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇದ್ದರು. ಕೊರತೆ ನೂರಕ್ಕೆ ಮೂರರಷ್ಟೂ ಇಲ್ಲ. ಅಷ್ಟಕ್ಕೆ ನೂರಕ್ಕೆ ಮೂರು ವಿಮಾನ ನಿಲ್ಲಬೇಕಿತ್ತು ತಾನೇ? ಡಿಸೆಂಬರ್ 4ರಂದು ಇಂಡಿಗೋ ವಿಮಾನಗಳಲ್ಲಿ ಹೊತ್ತಿಗೆ ಸರಿಯಾಗಿ ಹೊರಟದ್ದು ನೂರಕ್ಕೆ ಒಂಬತ್ತೂ ಇಲ್ಲ. ಮರುದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು.

ಸಣ್ಣ ಕೊರತೆ ಇಷ್ಟು ದೊಡ್ಡದಾಗಲು ಕಾರಣ, ಒಂದು ಹಾರಾಟ ಇನ್ನೊಂದಕ್ಕೆ ಗಂಟು ಹಾಕಿಕೊಂಡಿರುವುದು. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ದೆಹಲಿಯಿಂದ ಹೊರಟ ವಿಮಾನ ರಾತ್ರಿ 10ಕ್ಕೆ ಬೆಂಗಳೂರಿಗೆ ಬಂದು, ಅದೇ ಸಿಬ್ಬಂದಿಯೊಂದಿಗೆ ಕೊಚ್ಚಿಗೆ ಹೋಗಿ 11.40ಕ್ಕೆ ಇಳಿಯಬೇಕು. ದೆಹಲಿಯಲ್ಲಿ ಮಂಜು, ನಲವತ್ತು ನಿಮಿಷ ತಡ. ಈಗ ಕೊಚ್ಚಿ ತಲುಪುವಾಗ 12 ದಾಟುತ್ತದೆ. ಆ ಪಾಳಿ ರಾತ್ರಿ ಪಾಳಿಯಾಗಿ ಬದಲಾಯಿತು, ಕಟ್ಟುಪಾಡುಗಳೂ ಬದಲಾದವು. ಆ ಪಾಳಿಯಲ್ಲಿ ಆಗಲೇ ಎರಡು ಸಲ ಇಳಿಸಿರುವ ಕ್ಯಾಪ್ಟನ್ ಇನ್ನು ಹಾರಿಸುವಂತಿಲ್ಲ. ಬದಲಿ ಕ್ಯಾಪ್ಟನ್ ಬೇಕು. ಕಾಯ್ದಿರಿಸಿದವರು ಬೆಂಗಳೂರಿನಲ್ಲಿ ಇದ್ದರೆ ಬದುಕಿದಿರಿ. ಅವರೂ ಅಂದೇ ಬೇರೆ ಹಾರಾಟಕ್ಕೆ ಹೋಗಿದ್ದರೆ ವಿಮಾನ ಅಲ್ಲೇ ನಿಲ್ಲುತ್ತದೆ.

ನಿಂತದ್ದು ಒಂದು ವಿಮಾನ. ಆದರೆ ಬೆಳಿಗ್ಗೆ ಕೊಚ್ಚಿಯಿಂದ ಮುಂಬೈಗೆ ಹೋಗಬೇಕಿದ್ದದ್ದು ಅದೇ. ಕೊಚ್ಚಿಯಲ್ಲಿ ಅದಕ್ಕಾಗಿ ಬಂದ ಸಿಬ್ಬಂದಿ ವಿಮಾನ ಇಲ್ಲದೆ ಕಾಯುತ್ತಾರೆ. ಕಾಯುವುದೂ ಕೆಲಸದ ಅವಧಿಯೇ, ಅವರ ಗಂಟೆಗಳೂ ಕರಗುತ್ತವೆ. ಮಧ್ಯಾಹ್ನ ವಿಮಾನ ಬಂದರೂ ಹಾರಿಸಲು ಅವರಿಗೆ ಅವಧಿ ಉಳಿದಿರುವುದಿಲ್ಲ. ಹೀಗೆ ವಿಮಾನ ಒಂದು ಊರಲ್ಲಿ, ಪೈಲಟ್ ಇನ್ನೊಂದು ಊರಲ್ಲಿ, ಪ್ರಯಾಣಿಕರು ಮೂರನೆಯ ಊರಲ್ಲಿ. ದಿನಕ್ಕೆ 2,200ರಷ್ಟು ಹಾರಾಟ ಇರುವ ಕಡೆ ಇಂಥ ನೂರು ಗಂಟು ಬಿದ್ದರೆ ಕಂಪ್ಯೂಟರಿಗೂ ಬಿಡಿಸಲು ಆಗುವುದಿಲ್ಲ. ವೇಳಾಪಟ್ಟಿಯಲ್ಲಿ ಎಲ್ಲಾದರೂ ಸಡಿಲ ಇದ್ದಿದ್ದರೆ ತಡ ಅಲ್ಲೇ ಇಂಗಿ ಹೋಗುತ್ತಿತ್ತು. ಇಂಡಿಗೋ ಇಷ್ಟು ವರ್ಷ ದುಡ್ಡು ಮಾಡಿದ್ದು ಆ ಸಡಿಲವನ್ನು ಹಿಂಡಿ ತೆಗೆದೇ.

ಮುನ್ಸೂಚನೆ ಇರಲಿಲ್ಲವೇ? ಇತ್ತು. ನವೆಂಬರ್‌ನಲ್ಲೇ 1,232 ವಿಮಾನಗಳು ರದ್ದಾಗಿದ್ದವು. ಅದರಲ್ಲಿ 755ಕ್ಕೆ ಸಿಬ್ಬಂದಿ ಮತ್ತು ಹೊಸ ನಿಯಮವೇ ಕಾರಣ. ನವೆಂಬರ್ ಕೊನೆಯಲ್ಲಿ ಎ320 ವಿಮಾನಗಳ ಸಾಫ್ಟ್‌ವೇರ್ ತುರ್ತಾಗಿ ಬದಲಿಸಬೇಕೆಂದು ಏರ್‌ಬಸ್ ಸೂಚನೆ ಬಂತು. ಅದಕ್ಕೆ ವಿಮಾನಗಳು ಸ್ವಲ್ಪ ಹೊತ್ತು ನಿಂತವು, ಹಾರಾಟಗಳು ಮಧ್ಯರಾತ್ರಿ ದಾಟಿದವು. ಬಿಗಿಯಾಗಿದ್ದ ರೋಸ್ಟರ್, ಅಂದರೆ ಪೈಲಟ್‌ಗಳ ಪಾಳಿ ಪಟ್ಟಿ, ಆಮೇಲೆ ಸರಿಹೋಗಲೇ ಇಲ್ಲ. ಹುಬ್ಬಳ್ಳಿಯಲ್ಲಿ ನಡೆಯಬೇಕಿದ್ದ ಆರತಕ್ಷತೆಗೆ ಮದುಮಕ್ಕಳೇ ಬರಲಾಗದೆ, ಭುವನೇಶ್ವರದಿಂದ ವಿಡಿಯೋ ಕರೆಯಲ್ಲಿ ಕೂತ ಸುದ್ದಿ ಬಂದದ್ದು ಆ ದಿನಗಳಲ್ಲೇ.

ಯಾರು ಏನು ಹೇಳುತ್ತಾರೆ

ಕಂಪನಿಯ ಮೊದಲ ವಾದ: ಸಣ್ಣ ತಾಂತ್ರಿಕ ತೊಂದರೆ, ಚಳಿಗಾಲದ ವೇಳಾಪಟ್ಟಿ ಬದಲಾವಣೆ, ಹವಾಮಾನ, ನಿಲ್ದಾಣಗಳ ದಟ್ಟಣೆ, ಹೊಸ ನಿಯಮ, ಎಲ್ಲ ಒಟ್ಟಿಗೆ ಬಂದವು. ಇದು ಸುಳ್ಳೇನೂ ಅಲ್ಲ. ಆದರೆ ಚಳಿಗಾಲ ಪ್ರತಿ ವರ್ಷ ಬರುತ್ತದೆ, ದೆಹಲಿಯ ಮಂಜು ಪ್ರತಿ ವರ್ಷ ಬರುತ್ತದೆ. ನಿಯಮದ ದಿನಾಂಕ ಮೊದಲೇ ಗೊತ್ತಿತ್ತು.

ಪೈಲಟ್ ಸಂಘಗಳು ಹೇಳುವುದು ಬೇರೆ. ಕಂಪನಿ ಬೇಕೆಂದೇ ನೇಮಕಾತಿ ತಡೆಹಿಡಿದು, ಕಡಿಮೆ ಜನರಲ್ಲೇ ನಡೆಸಲು ನೋಡಿತು. ವ್ಯವಸ್ಥೆ ಕುಸಿದರೆ ಸರ್ಕಾರವೇ ನಿಯಮ ಸಡಿಲಿಸುತ್ತದೆ ಎಂಬ ಧೈರ್ಯ ಅದಕ್ಕಿತ್ತು. ಬೇಕೆಂದೇ ಮಾಡಿತು ಎನ್ನುವುದಕ್ಕೆ ಸಾಕ್ಷ್ಯ ಇಲ್ಲ. ಆದರೆ ಕೊನೆಗೆ ಆದದ್ದು ಅದೇ. ಡಿಸೆಂಬರ್ 5ರಂದು ಡಿಜಿಸಿಎ ರಾತ್ರಿ ಪಾಳಿಯ ನಿಯಮಗಳಿಂದ ಇಂಡಿಗೋಗೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ದಣಿದ ಪೈಲಟ್ ಅಪಾಯ ಎಂದು ತಂದ ನಿಯಮ, ನಿಯಮ ಪಾಲಿಸದ ಕಂಪನಿಗೇ ತಾತ್ಕಾಲಿಕವಾಗಿ ಇಲ್ಲವಾಯಿತು.

ಸರ್ಕಾರದ ನಿಲುವು: ತಪ್ಪು ಕಂಪನಿಯ ನಿರ್ವಹಣೆಯದು, ಪ್ರಯಾಣಿಕರನ್ನು ಬಿಡಿಸಲು ವಿನಾಯಿತಿ ಬಿಟ್ಟು ಬೇರೆ ದಾರಿ ಇರಲಿಲ್ಲ. ಜೊತೆಗೆ ಟಿಕೆಟ್ ದರಕ್ಕೆ ಮಿತಿ ಹಾಕಿತು. 500 ಕಿಲೋಮೀಟರ್ ಒಳಗೆ 7,500 ರೂಪಾಯಿ, 1,500 ಕಿಲೋಮೀಟರ್ ಮೀರಿದರೆ 18,000. ಇಂಡಿಗೋದ ಹಾರಾಟವನ್ನು 10% ಕಡಿತ ಮಾಡಿತು. ತನಿಖೆಯ ನಂತರ ಡಿಜಿಸಿಎ ಹೇಳಿದ ಮುಖ್ಯ ಕಾರಣಗಳು: ಕಾರ್ಯಾಚರಣೆಯನ್ನು ಅತಿಯಾಗಿ ಬಿಗಿ ಮಾಡಿದ್ದು, ನಿಯಮಕ್ಕೆ ತಯಾರಾಗದೇ ಇದ್ದದ್ದು, ಸಾಫ್ಟ್‌ವೇರ್ ಮತ್ತು ನಿರ್ವಹಣೆಯ ಕೊರತೆ.

ದಂಡದ ಲೆಕ್ಕವೂ ಸ್ವಾರಸ್ಯವಾಗಿದೆ. ದಿನಕ್ಕೆ 30 ಲಕ್ಷದಂತೆ 68 ದಿನಕ್ಕೆ 20.40 ಕೋಟಿ, ಜೊತೆಗೆ ಬೇರೆ ಲೋಪಗಳಿಗೆ 1.80 ಕೋಟಿ. ಆ 68 ದಿನ ಎಂದರೆ ಡಿಸೆಂಬರ್ 5ರಿಂದ ಫೆಬ್ರುವರಿ 10. ವಿನಾಯಿತಿ ಕೊಟ್ಟ ದಿನಗಳಿಗೇ ದಂಡ! ಒಂದರ್ಥದಲ್ಲಿ ನಿಯಮದಿಂದ ತಪ್ಪಿಸಿಕೊಳ್ಳಲು ದಿನಕ್ಕೆ 30 ಲಕ್ಷ ಬಾಡಿಗೆ ಎಂದ ಹಾಗಾಯಿತು. 2024–25ರಲ್ಲಿ 7,258 ಕೋಟಿ ಲಾಭ ಮಾಡಿದ ಕಂಪನಿಗೆ ಅದು ದೊಡ್ಡ ಬಾಡಿಗೆ ಅಲ್ಲ.

ಅದೇ ನಿಯಮ, ಬೇರೆಯವರು ಯಾಕೆ ಬೀಳಲಿಲ್ಲ?

ಏರ್ ಇಂಡಿಯಾ, ಆಕಾಸ, ಸ್ಪೈಸ್‌ಜೆಟ್‌ಗಳಿಗೂ ಇದೇ ನಿಯಮ. ಅವರ ಹಾರಾಟ ಕಡಿಮೆ, ರಾತ್ರಿ ಪಾಳಿಯೂ ಕಡಿಮೆ. ಆಕಾಸದ್ದಂತೂ ತಮಾಷೆಯ ಪರಿಸ್ಥಿತಿ. ಬೋಯಿಂಗ್ ವಿಮಾನ ಕೊಡುವುದು ತಡವಾಗಿ, ನೇಮಿಸಿಕೊಂಡ ಪೈಲಟ್‌ಗಳಿಗೆ ಹಾರಿಸಲು ವಿಮಾನ ಇಲ್ಲದೆ ಸಂಬಳ ಕೊಡುತ್ತಿತ್ತು. ಲೆಕ್ಕಪತ್ರದಲ್ಲಿ ಅದು ನಷ್ಟ. ನಿಯಮ ಬಿಗಿಯಾದ ದಿನ ಅದೇ ಹೆಚ್ಚುವರಿ ಸಿಬ್ಬಂದಿ ಆಸರೆ.

ಇಂಡಿಗೋ ಇನ್ನಷ್ಟು ಪೈಲಟ್‌ಗಳನ್ನು ಬೇಗ ತರಬಹುದಿತ್ತಲ್ಲ ಎಂದರೆ, ಅದು ಅಷ್ಟು ಸುಲಭವಲ್ಲ. ಕ್ಯಾಪ್ಟನ್ ಕೆಲಸ ಬಿಡಲು ಒಂದು ವರ್ಷದ ನೋಟಿಸ್ ಕೊಡಬೇಕೆಂಬ ನಿಯಮ 2017ರಿಂದ ಇದೆ. ಇಂದು ತೀರ್ಮಾನಿಸಿದರೆ ಬೇರೆ ಕಂಪನಿಯ ಕ್ಯಾಪ್ಟನ್ ಬರುವುದು ಮುಂದಿನ ವರ್ಷ. ಹಾರಾಟವನ್ನೇ ಕಡಿಮೆ ಮಾಡಬಹುದಿತ್ತು. ಆದರೆ ದೆಹಲಿ, ಮುಂಬೈಯಂಥ ಕಿಕ್ಕಿರಿದ ನಿಲ್ದಾಣಗಳಲ್ಲಿ ಸ್ಲಾಟ್ ಬಳಸದಿದ್ದರೆ ಅದು ಬೇರೆಯವರ ಕೈ ಸೇರುವ ಭಯ. ಸ್ಲಾಟ್ ಎಂದರೆ ಇಂಥ ಹೊತ್ತಿಗೆ ಇಳಿಯುವ, ಏರುವ ಹಕ್ಕು. ಅದನ್ನು ಬಿಡುವುದಕ್ಕಿಂತ ಪೈಲಟ್‌ಗಳ ರೋಸ್ಟರ್ ಹಿಗ್ಗಿಸುವುದು ಅಗ್ಗ ಎಂದು ಕಂಪನಿಗೆ ಕಂಡಿರಬೇಕು.

ನಿಜವಾದ ಕೋಟೆ ಸಾಲಿನಲ್ಲಿ ಮುಂದೆ ನಿಂತಿರುವುದು

ಸಾಮಾನ್ಯ ವ್ಯಾಪಾರದಲ್ಲಿ ಇಷ್ಟು ದೊಡ್ಡ ಎಡವಟ್ಟಾದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ. ಇಲ್ಲಿ ಪಕ್ಕದ ಅಂಗಡಿ ಚಿಕ್ಕದು. ದೇಶದೊಳಗಿನ ಪ್ರಯಾಣಿಕರಲ್ಲಿ ಸುಮಾರು 65% ಇಂಡಿಗೋದಲ್ಲಿ ಹೋಗುತ್ತಾರೆ, ಕಾಲು ಭಾಗದಷ್ಟು ಏರ್ ಇಂಡಿಯಾ ಗುಂಪಿನಲ್ಲಿ. ವಿಸ್ತಾರ ಕೂಡ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಅನೇಕ ಸಣ್ಣ ಊರುಗಳ ಮಾರ್ಗಗಳಲ್ಲಿ ಇಂಡಿಗೋ ಬಿಟ್ಟರೆ ಇನ್ನೊಬ್ಬರಿಲ್ಲ.

ಎದುರಾಳಿ ನಾಳೆಯೇ ಬೆಳೆಯುತ್ತೇನೆ ಎಂದರೂ ವಿಮಾನ ಸಿಗಬೇಕು. ಏರ್‌ಬಸ್, ಬೋಯಿಂಗ್ ಎರಡರಲ್ಲೂ ವರ್ಷಗಟ್ಟಲೆ ಸಾಲು. ಆ ಸಾಲಿನಲ್ಲಿ ಇಂಡಿಗೋ 2019ರಲ್ಲಿ 300, 2023ರಲ್ಲಿ 500 ವಿಮಾನಗಳಿಗೆ ಹೆಸರು ಬರೆಸಿ ಕುಳಿತಿದೆ. ಈಗ ಆರ್ಡರ್ ಕೊಡುವವರ ಸರದಿ ಬರುವುದು ಮುಂದಿನ ದಶಕದ ಹೊತ್ತಿಗೆ.

ನನ್ನ ಲೆಕ್ಕದಲ್ಲಿ ಇಡೀ ಕಥೆಯ ತಿರುಳು ಇಲ್ಲಿದೆ. ಇಂಡಿಗೋ ಮೇಲೇರಿದ್ದು ಮಿತವ್ಯಯದಿಂದ. ಇವತ್ತು ಅದನ್ನು ಕಾಯುತ್ತಿರುವುದು ವಿಮಾನದ ಸರದಿ ಮತ್ತು ಸ್ಲಾಟ್. ಮೊದಲನೆಯದು ಡಿಸೆಂಬರ್‌ನಲ್ಲಿ ಮುರಿಯಿತು. ಎರಡನೆಯದಕ್ಕೆ ಗೀರೂ ಬೀಳಲಿಲ್ಲ. ಕುಸಿತವಾಗಿ ಮೂರು ವಾರವಷ್ಟೇ ಆಗಿತ್ತು, ಡಿಸೆಂಬರ್ 25ರಂದು ನವಿ ಮುಂಬೈ ನಿಲ್ದಾಣ ಬಾಗಿಲು ತೆರೆಯಿತು. ಅಲ್ಲಿ ಮೊದಲು ಬಂದಿಳಿದದ್ದು ಬೆಂಗಳೂರಿನಿಂದ ಹೋದ ಇಂಡಿಗೋ ವಿಮಾನ. ಹೊಸ ನಿಲ್ದಾಣ ತುಂಬಿಸುವಷ್ಟು ವಿಮಾನ ಇರುವುದು ಅವರ ಬಳಿಯೇ.

ಮುಂದೇನು

ಹೊಸ ಕಂಪನಿಗಳಿಗೆ ಅನುಮತಿ ಕೊಡುವುದಾಗಿ ಸರ್ಕಾರ ಹೇಳುತ್ತಿದೆ. ಡಿಸೆಂಬರ್‌ನಲ್ಲಿ ಅಲ್ ಹಿಂದ್ ಏರ್, ಫ್ಲೈಎಕ್ಸ್‌ಪ್ರೆಸ್‌ಗಳಿಗೆ ನಿರಾಕ್ಷೇಪಣಾ ಪತ್ರ ಸಿಕ್ಕಿದೆ. ಆದರೆ ನಾಲ್ಕಾರು ವಿಮಾನಗಳಿಂದ ಶುರು ಮಾಡುವ ಕಂಪನಿ ಇಂಡಿಗೋಗೆ ಎದುರು ನಿಲ್ಲುವುದು ಸದ್ಯಕ್ಕಂತೂ ಇಲ್ಲ. ಸ್ಪರ್ಧಾ ಆಯೋಗವೂ ದೂರುಗಳನ್ನು ಪರಿಶೀಲನೆಗೆ ತೆಗೆದುಕೊಂಡಿದೆ. ಅಲ್ಲಿ ಒಂದು ತೊಡಕಿದೆ. ದೊಡ್ಡದಾಗಿರುವುದು ನಮ್ಮ ಕಾನೂನಿನಲ್ಲಿ ತಪ್ಪಲ್ಲ, ದೊಡ್ಡತನವನ್ನು ದುರುಪಯೋಗ ಮಾಡಿದ್ದು ಸಾಬೀತಾಗಬೇಕು. ಕೆಟ್ಟ ರೋಸ್ಟರ್ ದುರುಪಯೋಗವೇ ಎಂಬ ವಾದ ಬಹಳ ಕಾಲ ನಡೆಯಬಹುದು.

ಟಿಕೆಟ್ ದರದ ಮೇಲೆ ಪರಿಣಾಮ ಖಂಡಿತ ಇದೆ. ಪ್ರತಿ ವಿಮಾನಕ್ಕೆ ಮೊದಲಿಗಿಂತ ಜಾಸ್ತಿ ಪೈಲಟ್ ಬೇಕು, ರಾತ್ರಿ ಹಾರಾಟ ಕಡಿಮೆಯಾದರೆ ವಿಮಾನದ ಬಾಡಿಗೆ ಉಳಿದ ಹಾರಾಟಗಳ ಮೇಲೆ ಬೀಳುತ್ತದೆ. ಇದು ಎಲ್ಲ ಕಂಪನಿಗಳಿಗೂ ಅನ್ವಯ, ಆದರೆ ರಾತ್ರಿಯನ್ನು ಹೆಚ್ಚು ನೆಚ್ಚಿಕೊಂಡವರಿಗೆ ಹೊರೆ ಹೆಚ್ಚು. ಅಂದರೆ ಇಂಡಿಗೋಗೂ ಬೇರೆಯವರಿಗೂ ನಡುವಿನ ಖರ್ಚಿನ ಅಂತರ ಸ್ವಲ್ಪ ಕಿರಿದಾಗುತ್ತದೆ. ಎದುರಾಳಿಗಳಿಗೆ ಈ ಪ್ರಕರಣದಿಂದ ಸಿಕ್ಕ ದೊಡ್ಡ ಲಾಭ ಬಹುಶಃ ಇಷ್ಟೇ.

ವಿನಾಯಿತಿಯ ಕೊನೆಯ ದಿನ 2026ರ ಫೆಬ್ರುವರಿ 10. ಹಾರಾಟ ನೂರಕ್ಕೆ ಹತ್ತರಷ್ಟು ಕಡಿಮೆಯಾಗಿರುವುದರಿಂದ ಇರುವ ಪೈಲಟ್‌ಗಳೇ ಆಗ ಸಾಕಾಗಬಹುದು. ನಿಜವಾದ ಪರೀಕ್ಷೆ 2026ರ ಮಾರ್ಚ್ ಕೊನೆಯ ಬೇಸಿಗೆ ವೇಳಾಪಟ್ಟಿಯದು. ಕಡಿತವಾದ ಹಾರಾಟಗಳನ್ನು ವಾಪಸ್ ಪಡೆಯಲು ಇಂಡಿಗೋ ಅರ್ಜಿ ಹಾಕಬಹುದಾದದ್ದು ಆಗ. ಡಿಜಿಸಿಎ ಅನುಮತಿ ಕೊಡುವ ಮೊದಲು ವಿಮಾನಗಳ ಸಂಖ್ಯೆಯನ್ನಷ್ಟೇ ಎಣಿಸುತ್ತದೋ, ಕ್ಯಾಪ್ಟನ್‌ಗಳನ್ನೂ ಎಣಿಸುತ್ತದೋ ಎನ್ನುವುದು ಗೊತ್ತಾಗುವುದು ಆಗಲೇ.